ಗಂಜಿ ಹಾಕಿ ಮುಚ್ಚಿದ ಗಾಯ

ಬುಧವಾರ ಬೆಳಿಗ್ಗೆ ಡಿಸ್ಪೆನ್ಸರಿಯ ಕಿಟಕಿಯಲ್ಲಿ ಒಂದು ಖಾಲಿ ಬಾಟಲಿ ಕಾಣಿಸಿಕೊಂಡಿತು. ಬಾಟಲಿಯ ಹಿಂದೆ ಒಂದು ಕೈ, ಕೈಯ ಹಿಂದೆ ನಮ್ಮ ಬೀದಿಯ ಅತ್ತೆ.

"ತಂಬಿ, ಆ ಕೆಂಪು ಮರುಂದು ಒಂಚೂರು ಇದಕ್ಕೆ ಹುಯ್ಯಿ."

"ಯಾರಿಗೆ ಅತ್ತೆ?"

"ಯಾರಿಗೋ. ನೀನು ಹುಯ್ಯಿ ಸಾಕು."

ಡಾಕ್ಟರು ಮಂಗಳವಾರ ಮತ್ತು ಶುಕ್ರವಾರ ಮಾತ್ರ ಕೋವೈಯ, ಅಂದರೆ ಕೊಯಮತ್ತೂರಿನ, ಆರ್.ಎಸ್. ಪುರದಿಂದ ಬಸ್ಸಿನಲ್ಲಿ ನಮ್ಮ ನೆಗಮಕ್ಕೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಅಲ್ಲಿಗೆ ನಾನೇ ರಾಜ, ಕಸ ಗುಡಿಸುವವನೂ ನಾನೇ. ಸೂಜಿ ಕುದಿಸುವುದು, ಗಾಜ್ ಬಟ್ಟೆ ಕತ್ತರಿಸಿ ಮಡಿಸುವುದು, ಡಾಕ್ಟರು ಬರೆದಿಟ್ಟ ಮಿಕ್ಸ್‌ಚರ್ ಕೊಡುವುದು, ಗಾಯ ತೊಳೆದು ಕಟ್ಟುವುದು ನನ್ನ ಕೆಲಸ. ನಾನು ತಮಿಳು ಬೆರೆಸಿ ಕನ್ನಡ ಆಡುವ ನೇಕಾರರ ಮನೆಯ ಹುಡುಗನೇ. ಅಪ್ಪ ಮಗ್ಗದಲ್ಲಿ ಕೂರಿಸಿದರೆ ಮಗ್ಗದ ಸದ್ದನ್ನು ಬಾಯಲ್ಲೇ ಮಾಡುತ್ತಿದ್ದೆ. ಸದ್ದು ಅಚ್ಚುಕಟ್ಟಾಗಿ ಬರುತ್ತಿತ್ತು, ಬಟ್ಟೆ ಮಾತ್ರ ಬೆಳೆಯುತ್ತಿರಲಿಲ್ಲ. ಮೂರು ವರ್ಷ ನೋಡಿ ಅಪ್ಪ ನನ್ನನ್ನು ಡಾಕ್ಟರ ಕೈಗೆ ಒಪ್ಪಿಸಿದರು. ಡಾಕ್ಟರದೂ ಮನೆಯಲ್ಲಿ ಕನ್ನಡವೇ. ಕಟ್ಟು ಕಟ್ಟುವುದನ್ನೂ ಕನ್ನಡದ ಅಕ್ಷರವನ್ನೂ ಅವರೇ ಕಲಿಸಿದರು. ಎರಡನ್ನೂ ನಾನು ಬಿಗಿಯಾಗಿ ಎಳೆಯುತ್ತೇನೆ ಎಂಬುದು ಅವರ ದೂರು.

ಬಾಟಲಿಗೆ ಔಷಧ ಹಾಕದೆ ನಾನು ಅತ್ತೆಯ ಮುಖ ನೋಡಿದೆ. ಅವರು ಸೆರಗಿನಿಂದ ಮೂಗು ಒರೆಸಿಕೊಂಡರು.

"ನಿಮ್ ಮಾಮಂಗೆ. ಮಗ್ಗದ ಗುಣಿಯಲ್ಲಿ ಕಾಲಲ್ಲಿ ತುಳಿಯೋ ಬಿದಿರು ಸೀಳಿ ಪಾದಕ್ಕೆ ಹೊಕ್ಕಿತ್ತು. ಹನ್ನೆರಡು ದಿನ ಆಯ್ತು. ಗಂಜಿ ಹಾಕಿದ್ರು, ಚೆನ್ನಾಗಿ ಕೂತ್ಕೊಂಡಿತ್ತು. ಮೊನ್ನೆಯಿಂದ ಚಳಿ ಜ್ವರ."

ಗಂಜಿ ಹಾಕುವುದೆಂದರೆ ನಮ್ಮ ಬೀದಿಯವರಿಗೆ ಬೇರೆ ವಿವರಣೆ ಬೇಡ. ಮಗ್ಗಕ್ಕೆ ಉದ್ದಕ್ಕೆ ಹೂಡುವ ಹಾಸಿನ ನೂಲು ಗಟ್ಟಿಯಾಗಲು ಅದಕ್ಕೆ ಗಂಜಿ ಬಳಿಯುತ್ತೇವಲ್ಲ, ಅದೇ ಗಂಜಿಯಲ್ಲಿ ತ್ಯಾಜ್ಯ ನೂಲನ್ನು ಅದ್ದಿ ಗಾಯದ ಮೇಲೆ ಮೆತ್ತಿದರೆ ಒಣಗಿ ಚಿಪ್ಪಿನಂತಾಗುತ್ತದೆ. ರಕ್ತ ನಿಲ್ಲುತ್ತದೆ, ಧೂಳು ಒಳಗೆ ಹೋಗುವುದಿಲ್ಲ, ಅದೇ ದಿನ ಮಗ್ಗಕ್ಕೆ ಇಳಿಯಬಹುದು. ಉಗುರಿನ ಗೀರಿಗೆ ಇದು ಒಳ್ಳೆಯ ಮದ್ದೇ. ಆದರೆ ಆಳದ ಗಾಯಕ್ಕೆ ಹಾಕಿದರೆ ಮೇಲೆ ಚಿಪ್ಪು, ಕೆಳಗೆ ಕೀವು. ಎಳೆ ಕಡಿದರೆ ಗಂಜಿ ಹಾಕಿ ಸರಿ ಮಾಡುವ ಜನ, ಮಾಂಸವನ್ನೂ ನೂಲೆಂದೇ ತಿಳಿದಿದ್ದರು.

"ಮಾಮನನ್ನ ಇಲ್ಲಿಗೆ ಕರ್ಕೊಂಡ್ ಬನ್ನಿ ಅತ್ತೆ."

"ನೀನು ಇರೋ ಕಡೆ ಬರ್ತಾರಾ? ನಾನು ಇಲ್ಲಿಗೆ ಬಂದಿರೋದೇ ಗೊತ್ತಿಲ್ಲ."

ಅದಕ್ಕೆ ಕಾರಣ ನಾನೇ. ಮಾಮನಷ್ಟು ನೇರವಾದ ಸೀರೆಯಂಚು ನೆಯ್ಯುವವರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಯಾರೆದುರೂ ತಲೆ ತಗ್ಗಿಸದ ಆಸಾಮಿ. ಏಳು ತಿಂಗಳ ಹಿಂದೆ, ಔಷಧ ತರಲು ಕೋವೈಗೆ ಹೋಗಿದ್ದ ನಾನು ಅವರ ಜೊತೆ ಒಂದು ಜವಳಿ ಅಂಗಡಿಗೂ ಹೋಗಿದ್ದೆ. ಅಂಗಡಿಯ ಗುಮಾಸ್ತ ಒಂದು ಸೀರೆಯನ್ನು ಬೆಳಕಿಗೆ ಹಿಡಿದು, ಅಂಚು ಅಲೆಯಾಡಿದೆ ಎಂದು ಪಕ್ಕಕ್ಕೆ ಎಸೆದ. ಮಾಮ ಅದನ್ನು ಎತ್ತಿಕೊಂಡು, ನಾನು ಅದುವರೆಗೆ ಕೇಳಿರದ ಸಣ್ಣ ದನಿಯಲ್ಲಿ, "ಈ ಒಂದು ಸಲ ಮನ್ನಿಸುಂಗ ಸಾಮಿ, ಇನ್ನೊಂದ್ಸಲ ನೋಡುಂಗ" ಎಂದು ಬೇಡಿಕೊಂಡರು. ಆ ದನಿ ನನ್ನ ಕಿವಿಗೆ ಅಂಟಿಕೊಂಡಿತು. ಪೊಂಗಲ್ ಕಳೆದ ಅದೇ ತೈ ತಿಂಗಳಲ್ಲಿ ಬೀದಿಯ ಒಂದು ಮದುವೆಯಲ್ಲಿ ಊಟವಾದ ಮೇಲೆ, ಯಥಾಪ್ರಕಾರ ಎಲ್ಲರೂ ಅಣಕು ಮಾಡಿ ತೋರಿಸೆಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಡಾಕ್ಟರ ಕೆಮ್ಮು, ಅಂಚೆಯವನ ನಡಿಗೆ, ನನ್ನ ಅಪ್ಪ ನನ್ನನ್ನು ಬೈಯುವ ರೀತಿ, ಎಲ್ಲ ಮುಗಿದ ಮೇಲೆ ಆ ದನಿಯನ್ನೂ ತೆಗೆದೆ. ಜನ ಬಿದ್ದು ಬಿದ್ದು ನಕ್ಕರು. ಮಾಮ ತಾಂಬೂಲ ತೆಗೆದುಕೊಳ್ಳದೆ ಎದ್ದು ಹೋದರು.

ಎರಡು ದಿನದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಸರಿಹೋಗಲಿಲ್ಲ. ಎದುರಿಗೆ ಸಿಕ್ಕಾಗಲೆಲ್ಲ ಅವರು ಮುಖ ತಿರುಗಿಸಿದರೆ ನಾನು ಇನ್ನಷ್ಟು ಹಲ್ಲು ಕಿರಿಯುತ್ತಿದ್ದೆ. ಏಳು ತಿಂಗಳಲ್ಲಿ ಒಂದು ಸಲವೂ ಕೂತು ಮಾತಾಡಲಿಲ್ಲ.

ಖಾಲಿ ಬಾಟಲಿ ಅಲ್ಲೇ ಬಿಟ್ಟು ಅತ್ತೆಯ ಹಿಂದೆಯೇ ಹೊರಟೆ. ಮಾಮ ಕಟ್ಟೆಯ ಮೇಲೆ ಎಡಗಾಲು ಚಾಚಿ ಕೂತಿದ್ದರು. ಪಾದ ಊದಿ ಚರ್ಮ ಮಿರಮಿರ ಮಿಂಚುತ್ತಿತ್ತು. ಬೆರಳುಗಳ ಬುಡದಲ್ಲಿ ಕಂದು ಬಣ್ಣದ ಗಂಜಿ ಚಿಪ್ಪು, ಅದರ ಸುತ್ತ ಕೆಂಪು. ಕೆಂಪು ಕಣಕಾಲು ದಾಟಿತ್ತು.

ಅಲ್ಲಿ ನಾನು ಮಾಡಿದ ತಪ್ಪು ಇವತ್ತಿಗೂ ನನ್ನ ಮುಖ ಬಿಸಿ ಮಾಡುತ್ತದೆ. ನೇರ ಮಾತಾಡಲು ಹೆದರಿ, ಡಾಕ್ಟರ ದನಿಯನ್ನು ತಂದುಕೊಂಡು, ಇಲ್ಲದ ಕನ್ನಡಕ ಸರಿಪಡಿಸಿಕೊಂಡು, "ಏನಯ್ಯಾ, ಪಾದ ಪೂಜೆ ಮಾಡೋಣವೇ? ಹಳೆಯದನ್ನು ಮರೆತುಬಿಡೋಣವೇ?" ಎಂದೆ. ಬೇರೆ ಯಾರಾದರೂ ನಗುತ್ತಿದ್ದರು.

ಮಾಮ ಕೈಗೆ ಸಿಕ್ಕ ಲಾಳಿ ಎಸೆದರು. ನನ್ನ ಕಿವಿಯ ಪಕ್ಕದಲ್ಲೇ ಹೋಗಿ ಗೋಡೆಗೆ ಬಡಿಯಿತು.

"ನಾನು ನರಳೋದನ್ನ ಕಲ್ತ್ಕೊಂಡು ಹೋಗೋಕೆ ಬಂದ್ಯಾ? ಮುಂದಿನ ಕಲ್ಯಾಣಕ್ಕೆ ಹೊಸ ಆಟ ಬೇಕಾ? ಪೋಡಾ ಆಚೆ! ಕಾಲು ಕೊಳ್ತು ಬಿದ್ರೂ ನಿನ್ ಕೈಗೆ ಕೊಡಲ್ಲ."

ಸೈಕಲ್ ಹತ್ತಿ ಹತ್ತಿರದ ಪೇಟೆ ಪೊಳ್ಳಾಚಿಗೆ ತುಳಿದೆ. ಅಂಚೆ ಕಚೇರಿಯಿಂದ ಡಾಕ್ಟರ ಮನೆಗೆ ಟ್ರಂಕ್ ಕಾಲ್. ಮುಕ್ಕಾಲು ಗಂಟೆ ಕಾದ ಮೇಲೆ ಲೈನು ಸಿಕ್ಕಿತು. ನಾನು ಕೂಗಿದ ಕೂಗಿಗೆ ಸ್ಟಾಂಪು ಕೊಳ್ಳಲು ಬಂದವರೆಲ್ಲ ಮಾಮನ ಕಾಲಿನ ಸಮಾಚಾರ ತಿಳಿದುಕೊಂಡರು.

"ಕೆಂಪು ಎಲ್ಲಿವರೆಗೆ?" ಡಾಕ್ಟರು ಕೇಳಿದರು.

"ಕಣಕಾಲಿಂದ ಮೂರು ಬೆರಳು ಮೇಲೆ ಸಾರ್."

"ಹೋದ ವರ್ಷ ಆತನಿಗೆ ಪೆನ್ಸಿಲಿನ್ ಹಾಕಿದ್ದೆವು, ಒಗ್ಗಿತ್ತು. ನಾಳೆ ಬೆಳಿಗ್ಗೆಯೊಳಗೆ ಒಂದು ಹಾಕು. ಉಪ್ಪಿನ ಬಿಸಿನೀರಲ್ಲಿ ಕಾಲಿಡಿಸಿ ಚಿಪ್ಪು ನೆನೆಸಿ ತೆಗೆ. ಕತ್ತರಿ ಮಾಂಸಕ್ಕೆ ತಾಗಬಾರದು. ಕತ್ತರಿಸುವುದು ನನ್ನ ಕೆಲಸ, ನಾಳೆ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಕೆಂಪಿನ ಅಂಚಿಗೆ ಗೆರೆ ಎಳೆದು ಗಂಟೆ ಬರಿ. ಅದು ಮೊಣಕಾಲು ದಾಟಿದರೆ ದೊಡ್ಡಾಸ್ಪತ್ರೆ. ಅಲ್ಲಿಂದ ಕಾಲು ವಾಪಸ್ ಬರುತ್ತೆ ಅಂತ ಹೇಳಲಾರೆ."

"ನನ್ನನ್ನ ಮುಟ್ಟೋಕೆ ಬಿಡ್ತಿಲ್ಲ ಸಾರ್."

"ಯಾಕೆ?"

ಹೇಳಿದೆ.

"ಅದನ್ನು ನಾನು ಬಂದು ಕತ್ತರಿಸಲಾಗುವುದಿಲ್ಲ," ಎಂದು ಡಾಕ್ಟರು ಫೋನ್ ಇಟ್ಟರು.

ವಾಪಸ್ ಬರುವ ದಾರಿಯಲ್ಲಿ ನನ್ನನ್ನು ಕಾಡಿದ್ದು ಅವರು ಬೇಡಿಕೊಂಡ ದನಿಯಲ್ಲ, ನಾನು ಬೀದಿಗೆ ಹೇಳದೆ ಉಳಿಸಿಕೊಂಡಿದ್ದ ಒಂದು ಸಂಗತಿ. ಆ ಸೀರೆ ಮಾಮ ನೆಯ್ದದ್ದಲ್ಲ. ಬೀದಿಯಲ್ಲೇ ಇನ್ನೊಂದು ಮನೆಯವರದು. ಆ ಮನೆಯಲ್ಲಿ ಕಷ್ಟವಿತ್ತು. ಮಾಮ ತಮ್ಮ ಸೀರೆಯ ಜೊತೆ ಅದನ್ನೂ ಒಯ್ದಿದ್ದರು, ಅವರಿಗಾಗಿ ಬೇಡಿದ್ದರು. ಅದು ನನಗೆ ಅಂಗಡಿಯಲ್ಲೇ ಗೊತ್ತಿತ್ತು. ಮದುವೆಯಲ್ಲಿ ಅದನ್ನು ಸೇರಿಸಿದರೆ ನಗು ಬರುವುದಿಲ್ಲವೆಂದು ಕತ್ತರಿಸಿಬಿಟ್ಟಿದ್ದೆ. ಏಳು ತಿಂಗಳಿಂದ ಬೀದಿಯವರು ಮಾಮನ ಅಂಚೇ ಸೊಟ್ಟ ಎಂದು ತಿಳಿದಿದ್ದರು. ಅಲ್ಲವೆಂದು ಹೇಳಬೇಕಾದರೆ ಮಾಮ ಆ ಮನೆಯ ಹೆಸರೆತ್ತಬೇಕು. ಎತ್ತಲಿಲ್ಲ. ಬಾಯಿ ಮುಚ್ಚಿಕೊಂಡು ನುಂಗಿದ್ದರು.

ಗುರುವಾರ ಬೆಳಕು ಹರಿಯುವಾಗ ಬೀದಿಯಲ್ಲಿ ಮಾಮನ ಮನೆಯ ಹಾಸನ್ನೇ ಎಳೆದಿದ್ದರು. ಬೀದಿಯುದ್ದ ನೂಲು ಬಿಗಿದು, ಬಿಸಿಲೇರುವ ಮೊದಲು ಗಂಜಿ ಬಳಿದು, ಎಳೆಗಳು ಅಂಟಿಕೊಳ್ಳದಂತೆ ಉದ್ದ ಕುಂಚದಿಂದ ತೀಡುತ್ತ ಹೋಗಬೇಕು. ಒಬ್ಬರ ಹಾಸಿನ ಕೆಲಸಕ್ಕೆ ಇಡೀ ಬೀದಿಯೇ ಕೈ ಹಾಕಬೇಕು, ಅದು ನಮ್ಮಲ್ಲಿ ಪದ್ಧತಿ. ಗಂಡಸರು ಹೆಂಗಸರು ಎರಡೂ ಕಡೆ ನಿಂತಿದ್ದರು. ಮಾಮ ಕಟ್ಟೆಯ ಮೇಲಿಂದ, ಜ್ವರದಲ್ಲೇ, "ಅಲ್ಲಿ ಸಡಿಲ, ಎಳಿ!" ಎಂದು ಕೂಗುತ್ತಿದ್ದರು.

ಹಿಂದಿನ ರಾತ್ರಿಯೇ ಮನೆಯೊಳಗೆ ಹೋಗಿ ಮಾಮನ ಕಾಲು ಹಿಡಿದುಕೊಳ್ಳಬಹುದಿತ್ತು. ಯಾರಿಗೂ ಕಾಣುತ್ತಿರಲಿಲ್ಲ. ಆದರೆ ನಾನು ಅವರ ಮರ್ಯಾದೆ ತೆಗೆದದ್ದು ಎಲ್ಲರೆದುರು. ಹಾಸಿನ ಪಕ್ಕ ನಿಂತೆ. ಹತ್ತು ಜನರ ದನಿ ತೆಗೆಯಬಲ್ಲ ಗಂಟಲಿನಲ್ಲಿ ನನ್ನ ದನಿ ಒಂದೇ ಸಿಗಲಿಲ್ಲ. ಕೊನೆಗೆ ಬಂತು, ಸೊಟ್ಟಸೊಟ್ಟಗೆ.

"ತೈ ತಿಂಗಳ ಕಲ್ಯಾಣದಲ್ಲಿ ನಾನು ಮಾಮನ ಥರ ಮಾಡ್ದೆ. ನೀವೆಲ್ಲಾ ನಕ್ರಿ. ಆ ಸೀರೆ ಮಾಮ ನೆಯ್ದದ್ದಲ್ಲ. ಇನ್ನೊಬ್ಬರದ್ದು. ಅವರಿಗೋಸ್ಕರ ಮಾಮ ಕೇಳ್ಕೊಂಡ್ರು. ಅದು ನಂಗೆ ಅವತ್ತೇ ಗೊತ್ತಿತ್ತು. ಹೇಳಿದ್ರೆ ನೀವು ನಗಲ್ಲಾಂತ ಹೇಳ್ಲಿಲ್ಲ."

ಕುಂಚಗಳು ನಿಂತವು. ಸಾಲಿನಲ್ಲಿದ್ದ ಒಬ್ಬ ಕೇಳಿದ, "ಹಾಗಾದ್ರೆ ಯಾರದಪ್ಪಾ ಆ ಸೀರೆ?"

"ಅದನ್ನ ನಾನು ಹೇಳಲ್ಲ."

ಅಲ್ಲಿಯವರೆಗೆ ಹಾಸನ್ನೇ ನೋಡುತ್ತಿದ್ದ ಮಾಮ ಆಗ ನನ್ನ ಕಡೆ ನೋಡಿದರು. ಹಿಂದಿನಿಂದ ಒಂದು ಮುದುಕಿ, "ಗಂಜಿ ಒಣಗ್ತದೆ, ಕೈ ಆಡಿಸ್ರೋ!" ಎಂದು ಗದರಿದಳು. ಕುಂಚಗಳು ಮತ್ತೆ ಹೊರಟವು. ನಾನು ಕಟ್ಟೆಯ ಹತ್ತಿರ ಹೋದೆ.

"ನೀರು ಎಷ್ಟು ಬಿಸಿ ಇರ್ಬೇಕು?" ಮಾಮ ಕೇಳಿದರು.

"ಕೈ ಇಟ್ರೆ ತಡ್ಕೊಳ್ಳೋ ಅಷ್ಟು ಮಾಮ."

"ಲೇ, ಇವಳೇ. ನೀರು ಕಾಯ್ಸು."

ಬೇರೆ ಮಾತಿಲ್ಲ. ನಾನು ಕೈಗಳನ್ನು ಮೊಣಕೈವರೆಗೆ ಸೋಪಿನಲ್ಲಿ ತಿಕ್ಕಿದೆ. ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿ, ಪಾದವನ್ನು ಇಪ್ಪತ್ತು ನಿಮಿಷ ಮುಳುಗಿಸಿಟ್ಟೆ, ನೀರು ಬದಲಿಸಿ ಇನ್ನಿಪ್ಪತ್ತು. ಗಂಜಿ ಮೆತ್ತಗಾಯಿತು. ಕುದಿಸಿದ ಚಿಮಟದಿಂದ ನೂಲಿನ ಎಳೆಗಳನ್ನು ಒಂದೊಂದಾಗಿ ಎತ್ತಿ ಕತ್ತರಿಸಿದೆ. ಒಳ್ಳೆಯ ನೂಲು, ಗಟ್ಟಿ ಗಂಜಿ. ಮಗ್ಗಕ್ಕಾದರೆ ಹೆಮ್ಮೆಪಡಬೇಕಾದ ಕೆಲಸ. ಕೊನೆಯ ಪದರ ಏಳುತ್ತಿದ್ದಂತೆ ಕೀವು ಉಕ್ಕಿ ಬಂತು. ಆ ವಾಸನೆಗೆ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಓಡಿದರು. ಹನ್ನೆರಡು ದಿನ ಚಿಪ್ಪಿನ ಕೆಳಗೆ ಅದು ತನ್ನ ಪಾಡಿಗೆ ತಾನು ದಾರಿ ಮಾಡಿಕೊಂಡಿತ್ತು.

ಪೆನ್ಸಿಲಿನ್ ಹಾಕಿದೆ. ಕೆಂಪಿನ ಅಂಚಿಗೆ ನೀಲಿ ಕಾಪಿಯಿಂಗ್ ಪೆನ್ಸಿಲಿನಿಂದ ಗೆರೆ ಎಳೆದು 'ಎಂಟು ಗಂಟೆ' ಎಂದು ಕನ್ನಡದಲ್ಲೇ ಬರೆದೆ. ಮಾಮ ಬಗ್ಗಿ ನೋಡಿದರು.

"ಏನ್ ಬರ್ದೆ? ನಂಗೆ ಓದೋಕೆ ಬರಲ್ಲಾಂತ ಬೈದು ಗಿಯ್ದು ಬರ್ದಿಲ್ಲ ತಾನೇ?"

ಮಧ್ಯಾಹ್ನ ಡಾಕ್ಟರು ಬರುವಾಗ ಕೆಂಪು ಆ ಗೆರೆಯನ್ನು ಎರಡು ಬೆರಳು ದಾಟಿತ್ತು. ಧನುರ್ವಾಯು ತಡೆಯುವ ಸೂಜಿಮದ್ದು ಒಗ್ಗುತ್ತದೆಯೇ ನೋಡಲು ಮೊದಲು ಚರ್ಮದಡಿ ಒಂದು ಹನಿ ಹಾಕಿ, ಅರ್ಧ ಗಂಟೆ ಕಾದು, ಆಮೇಲೆ ಪೂರ್ತಿ ಕೊಟ್ಟರು. ಪಾದ ಮರಗಟ್ಟಿಸಿ, ಗಾಯದ ಬಾಯಿ ಅಗಲ ಮಾಡಿ, ಸಲಾಕೆ ಇಳಿಸಿದರು. ಒಂದೆಡೆ ಅದು ಟಕ್ಕೆಂದಿತು. ಚಿಮಟದಲ್ಲಿ ಹೊರಬಂದದ್ದು ಕಿರುಬೆರಳಿನ ಅರ್ಧದಷ್ಟು ಬಿದಿರಿನ ಸೀಳು. ಗಾಯವನ್ನು ತೊಳೆದು, ಕೀವು ತೊಳೆಯುವ ಯೂಸಾಲ್ ದ್ರಾವಣದಲ್ಲಿ ಅದ್ದಿದ ಗಾಜ್ ಬಟ್ಟೆಯ ಬತ್ತಿಯನ್ನು ತಳದವರೆಗೆ ತುಂಬಿದರು.

"ಇದು ಕೆಳಗಿನಿಂದ ತುಂಬಿ ಬರಬೇಕು," ಡಾಕ್ಟರು ನನಗೆ ಹೇಳಿದರು. "ಮೇಲಿನ ಬಾಯಿ ಕೊನೆಗೆ ಮುಚ್ಚಬೇಕು. ದಿನಾ ಬತ್ತಿ ತೆಗೆದು ಹೊಸದು ಹಾಕು. ತಳ ಮುಟ್ಟಲೇಬೇಕು."

ಶುಕ್ರವಾರ ಬೆಳಿಗ್ಗೆ ಕೆಂಪು ಮೊಣಕಾಲಿನಿಂದ ಮೂರೇ ಬೆರಳು ಕೆಳಗಿತ್ತು. ತೊಡೆಸಂದಿಯಲ್ಲಿ ಗಡ್ಡೆ ಎದ್ದಿತ್ತು. ಡಾಕ್ಟರು ಮಾರನೆಯ ಬೆಳಿಗ್ಗೆಗೆ ಬಾಡಿಗೆ ಕಾರಿಗೆ ಹೇಳಿ ಕಳಿಸಿದರು. ಅತ್ತೆ ಎರಡು ಸೀರೆ ಮಡಿಸಿ ಗಂಟು ಕಟ್ಟಿಟ್ಟರು. ಮಗ್ಗದ ಗುಣಿಯ ಕಡೆಗೆ ಯಾರೂ ನೋಡಲಿಲ್ಲ. ಕಾಲಿಲ್ಲದ ನೇಕಾರ ಗುಣಿಗೆ ಇಳಿದು ಏನು ಮಾಡುವುದು? ಸಂಜೆಗೆ ಮತ್ತೆ ಅಳತೆ ಮಾಡಿದೆ. ಕೆಂಪು ಅಲ್ಲೇ ನಿಂತಿತ್ತು. ನನ್ನ ಬೆರಳುಗಳ ಮೇಲೆ ನಂಬಿಕೆ ಬರದೆ ದಾರ ಹಿಡಿದು ಅಳೆದೆ. ಅಷ್ಟೇ. ಶನಿವಾರ ಬೆಳಿಗ್ಗೆ ಶುಕ್ರವಾರದ ಗೆರೆಯಿಂದ ಎರಡು ಬೆರಳು ಕೆಳಗೆ ಇಳಿದಿತ್ತು. ಕಾರು ಖಾಲಿಯೇ ಹೋಯಿತು.

ಬತ್ತಿ ಎಳೆಯುವಾಗ ಮಾಮ ಹಲ್ಲು ಕಚ್ಚಿ ತೊಲೆ ನೋಡುತ್ತಿದ್ದರು. ಭಾನುವಾರ ಇದ್ದಕ್ಕಿದ್ದಂತೆ, "ಅವತ್ತು ಕಲ್ಯಾಣದಲ್ಲಿ ಏನೇನು ಮಾಡ್ದೆ? ಪೂರ್ತಿ ಹೇಳು," ಎಂದರು.

"ನೀವೇ ನೋಡಿದ್ರಲ್ಲ ಮಾಮ."

"ನಾನು ಎದ್ದು ಹೋದ ಮೇಲೆ?"

ಹೇಳಿದೆ. ಅವರು ಎದ್ದು ಹೋದ ನಡಿಗೆಯನ್ನೂ ಮಾಡಿದ್ದೆ ಎಂದು ಹೇಳುವಾಗ ನನ್ನ ಕೈ ನಿಂತಿತು. "ಕೈ ನಿಲ್ಲಿಸ್ಬೇಡ, ಎಳಿ," ಎಂದರು. ಬತ್ತಿ ಪೂರ್ತಿ ಬಂದ ಮೇಲೆ ಹೇಳಿದರು: "ಆ ವಾರವೆಲ್ಲ ಅಂಚು ಹಾಕೋವಾಗ ನಂಗೇ ಸಂಶಯ. ಸೊಟ್ಟ ಹೋಗ್ತಿದೆಯಾಂತ ಬಿಚ್ಚಿ ಬಿಚ್ಚಿ ನೋಡ್ತಿದ್ದೆ. ನಲವತ್ತು ವರ್ಷ ಹಾಕಿದ ಕೈ."

ಹೊಸ ಬತ್ತಿ ಹಾಕಿದೆ.

ಅಂದಿನಿಂದ ನಮ್ಮಲ್ಲಿ ಸಲಿಗೆ ಬೆಳೆಯಿತು. ಅದೇ ಎಡವಟ್ಟಿಗೆ ಕಾರಣವಾಯಿತು. ಮಾಮ ನೋವಿಗೆ ಕಟ್ಟೆ ಹಿಡಿದುಕೊಳ್ಳುವುದನ್ನು ನೋಡಲಾಗದೆ, ಮಂಗಳವಾರ ಡಾಕ್ಟರು ಗಾಯ ನೋಡಿ ಹೋದ ಮೇಲೆ, ನಾನು ಬತ್ತಿಯನ್ನು ಮೇಲೆಮೇಲೆ ಸಡಿಲವಾಗಿ ಇಡತೊಡಗಿದೆ. "ನಿನ್ ಕೈ ಈಗ ಹೂವು ಕಣೋ," ಎಂದು ಮಾಮ ಹೊಗಳಿದರು. ಗಾಯದ ಬಾಯಿ ಚೆಂದವಾಗಿ ಕೂಡಿಕೊಂಡು ಬಂತು. ಬೀದಿಯವರಿಗೆಲ್ಲ ಕರೆಕರೆದು ತೋರಿಸಿದೆ. ಗುರುವಾರ ಮಧ್ಯಾಹ್ನ ಮತ್ತೆ ಜ್ವರ. ಶುಕ್ರವಾರ ಡಾಕ್ಟರು ಪಾದದ ಅಡಿ ಒತ್ತಿದರೆ ಮಾಮ ಕಿರುಚಿದರು. ಮುಚ್ಚಿದ ಬಾಯಿಯ ಕೆಳಗೆ ಕೀವು ಮತ್ತೆ ಮನೆ ಮಾಡಿತ್ತು.

ಡಾಕ್ಟರು ಬಾಯಿಯನ್ನು ಮತ್ತೆ ಬಿಡಿಸಿದರು. ನನ್ನನ್ನು ಹೊರಗೆ ಕರೆದು ಸಣ್ಣ ದನಿಯಲ್ಲೇ ಬೈದರು. ಜೋರಾಗಿ ಬೈದಿದ್ದರೆ ವಾಸಿಯಿತ್ತು.

"ಅವರು ಗಂಜಿ ಹಾಕಿ ಮುಚ್ಚಿದರು, ನೀನು ಗಾಜ್ ಹಾಕಿ ಮುಚ್ಚಿದೆ. ಅವರಿಗಾದರೂ ಗೊತ್ತಿರಲಿಲ್ಲ. ನಿನಗೆ ಏನಾಗಿತ್ತು?"

"ನೋಯುತ್ತೆ ಅಂತ ಸಾರ್..."

"ಅವರಿಗೋ, ನಿನಗೋ?"

ಶನಿವಾರ ನಾನು ಬತ್ತಿ ಹಾಕುವ ಮೊದಲೇ ಹೇಳಿದೆ. "ಮಾಮ, ಮೂರು ದಿನ ನಾನು ಸರಿಯಾಗಿ ಹಾಕ್ಲಿಲ್ಲ. ನೀವು ಹೊಗಳ್ತೀರಾಂತ ಮೇಲೇ ಬಿಟ್ಟೆ. ಇವತ್ತು ತಳದವರೆಗೆ ಹಾಕ್ತೀನಿ. ತುಂಬಾ ನೋಯುತ್ತೆ. ಬೈಕೊಳ್ಳಿ."

"ಬೈಯೋಕೆ ನಿನ್ನ ಅಪ್ಪಣೆ ಬೇಕಾ? ಹಾಕು."

ಸಲಾಕೆಯ ತುದಿಯಿಂದ ಬತ್ತಿಯನ್ನು ಮೂಲೆಮೂಲೆಗೆ ಒತ್ತಿದೆ. ಮಾಮ ನನ್ನನ್ನು, ನನ್ನ ಅಪ್ಪನನ್ನು, ನನಗೆ ಕೆಲಸ ಕೊಟ್ಟ ಡಾಕ್ಟರನ್ನು, ತಮಿಳು ಕನ್ನಡ ಎರಡರಲ್ಲೂ ಬೈದರು. ಅಷ್ಟು ಸೊಗಸಾದ ಬೈಗುಳವನ್ನು ಒಂದೂ ನೆನಪಿಟ್ಟುಕೊಳ್ಳದೆ ಕೆಲಸ ಮಾಡಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಹೀಗೆ ಹತ್ತೊಂಬತ್ತು ದಿನ. ದಿನದಿನಕ್ಕೆ ಬತ್ತಿಯ ಉದ್ದ ಕಡಿಮೆಯಾಯಿತು. ತಳದಲ್ಲಿ ದಾಳಿಂಬೆಯ ಬಣ್ಣದ ಹೊಸ ಮಾಂಸ ಏಳತೊಡಗಿತು. ಕೊನೆಗೊಂದು ದಿನ ಬತ್ತಿಗೆ ಜಾಗವೇ ಇರಲಿಲ್ಲ. ಡಾಕ್ಟರು ಪಾದವನ್ನು ಎಲ್ಲ ಕಡೆ ಒತ್ತಿ ನೋಡಿ, ರಿಜಿಸ್ಟರನ್ನು ನನ್ನ ಕಡೆ ತಳ್ಳಿ, "ನೀನೇ ಬರಿ," ಎಂದರು. 'ಗಾಯ ಪೂರ್ತಿ ಮಾಗಿದೆ' ಎಂದು ಬರೆದೆ. ನನ್ನ ಅಕ್ಷರಕ್ಕೆ ಅವರು ಅವತ್ತು ಏನೂ ಹೇಳಲಿಲ್ಲ. ಆ ಪುಟವನ್ನು ನಾನು ಆಗಾಗ ತೆಗೆದು ನೋಡುವುದುಂಟು. ನೋಡಬಾರದೇಕೆ?

ಮಾಮ ಮಗ್ಗಕ್ಕೆ ಇಳಿದ ದಿನ ನಾನೂ ಗುಣಿಯ ಅಂಚಿನಲ್ಲಿ ಕೂತಿದ್ದೆ. ಅರ್ಧ ಗಂಟೆಯಾದ ಮೇಲೆ "ಸಾಕು, ಏಳಿ" ಎಂದೆ. ಯಾರ ಮಾತೂ ಕೇಳದ ಮನುಷ್ಯ ಎದ್ದರು. ಅಷ್ಟರಲ್ಲಿ ಒಂದು ಗೇಣು ಅಂಚು ಬಿದ್ದಿತ್ತು. ಅದು ನೇರವಿದೆಯೇ ಎಂದು ನಾನು ನೋಡಲಿಲ್ಲ, ಅವರೂ ಬಿಚ್ಚಿ ನೋಡಲಿಲ್ಲ.

ತಿಂಗಳೊಂದು ಕಳೆದಿತ್ತು. ನಾನು ಒಬ್ಬನೇ ಇದ್ದ ಒಂದು ಬೆಳಿಗ್ಗೆ ಡಿಸ್ಪೆನ್ಸರಿಯ ಹೊರಗೆ ಗಲಾಟೆ ಕೇಳಿಸಿತು. ಮಾಮ ಪಕ್ಕದ ಮನೆಯ ನೇಕಾರನನ್ನು ರಟ್ಟೆ ಹಿಡಿದು ಎಳೆದುಕೊಂಡು ಬರುತ್ತಿದ್ದರು. ಆತನ ಹೆಬ್ಬೆರಳಿನ ಮೇಲೆ ಗಂಜಿ ಚಿಪ್ಪು, ಬೆರಳು ಬದನೆಕಾಯಿಯಷ್ಟು ಊದಿತ್ತು.

"ಬಿಡು ಅಣ್ಣಾ, ತಾನಾಗೇ ಹೋಗುತ್ತೆ," ಎಂದು ಆತ ಕೊಸರುತ್ತಿದ್ದ. "ಪೊಳ್ಳಾಚಿಯಲ್ಲಿ ಒಬ್ಬ ವೈದ್ಯ ಇದ್ದಾನಂತೆ. ನೋವೇ ಇಲ್ಲದ ಹಾಗೆ ಮುಲಾಮು ಹಚ್ತಾನಂತೆ."

"ಅದಕ್ಕೇ ಅಲ್ಲಿಗೆ ಬೇಡ," ಎಂದು ಮಾಮ ಆತನನ್ನು ನನ್ನೆದುರಿನ ಸ್ಟೂಲಿನ ಮೇಲೆ ಕುಕ್ಕಿದರು. "ಇವನು ನೋಯಿಸ್ತಾನೆ. ಕೂತ್ಕೋ."

ನಾನು ಸ್ಟೌವಿಗೆ ಗಾಳಿ ಹೊಡೆದು ನೀರಿಟ್ಟೆ.